ಹೆಸರು ಖಾಲಿ ಇದ್ದರೆ ಸಾಲದು, ನಿಯತ್ತೂ ಇರಬೇಕು



ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ನಾವು ಇ-ಬಿಸಿನೆಸ್ ಬಗ್ಗೆ ಓದುತ್ತೇವೆ. ದ್ವಿತೀಯ ಪಿಯುಸಿಯ ಮಾರ್ಕೆಟಿಂಗ್ ಅಧ್ಯಾಯದಲ್ಲಿ ಬ್ರಾಂಡ್, ಬ್ರಾಂಡ್ ಹೆಸರು, ಟ್ರೇಡ್‌ಮಾರ್ಕ್ ಇವುಗಳ ವ್ಯತ್ಯಾಸವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ. ಈ ಎರಡು ಪಾಠಗಳು ಒಂದಕ್ಕೊಂದು ಎದುರಾಗುವ ಜಾಗ ಒಂದಿದೆ. ಅದೇ ಡೊಮೇನ್ ಹೆಸರು. ಒಂದು ಕಂಪನಿಯ ಟ್ರೇಡ್‌ಮಾರ್ಕ್‌ನಂತೆ ಕಾಣುವ ಡೊಮೇನ್ ಹೆಸರನ್ನು ಬೇರೆ ಯಾರೋ ಮೊದಲೇ ಪಡೆದುಕೊಂಡಿದ್ದರೆ ಆ ಹೆಸರು ಯಾರದು? ಮೊದಲು ದುಡ್ಡು ಕಟ್ಟಿದವರದೋ, ಮೊದಲು ಹೆಸರು ಮಾಡಿದವರದೋ?

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ನಾಳೆ ಅಂಗಡಿ ತೆರೆಯಬಹುದು, ಲೆಕ್ಕ ಬರೆಯಬಹುದು, ಕಂಪನಿ ಕಟ್ಟಬಹುದು. ಏನೇ ಮಾಡಿದರೂ ಒಂದು ಹೆಸರು ಬೇಕಾಗುತ್ತದೆ. ಹಾಗಾಗಿ ಈ ವಿಷಯವನ್ನು ನನಗೆ ತಿಳಿದಷ್ಟು ಸರಳವಾಗಿ ಇಲ್ಲಿ ಬರೆದಿದ್ದೇನೆ.

ಎರಡು ಬಗೆಯ ಹೆಸರು, ಎರಡು ಬಗೆಯ ನಿಯಮ

ಇಂಟರ್ನೆಟ್‌ನಲ್ಲಿರುವ ಪ್ರತಿಯೊಂದು ಕಂಪ್ಯೂಟರಿಗೂ ಅಂಕಿಗಳ ವಿಳಾಸ ಇರುತ್ತದೆ. ಆ ಅಂಕಿಗಳನ್ನು ನೆನಪಿಡುವುದು ಕಷ್ಟ. ಅದಕ್ಕೆ ಬದಲಾಗಿ ನಾವು ಟೈಪ್ ಮಾಡುವ ಅಕ್ಷರಗಳ ವಿಳಾಸವೇ ಡೊಮೇನ್ ಹೆಸರು. ಅದರ ಕೊನೆಯಲ್ಲಿ ಡಾಟ್ ಕಾಮ್, ಡಾಟ್ ನೆಟ್, ಡಾಟ್ ಇನ್ ಎಂಬ ಬಾಲ ಇರುತ್ತದೆ. ಈ ಹೆಸರುಗಳನ್ನು ಕೊಡುವ ಸಂಸ್ಥೆಗಳಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ರಿಜಿಸ್ಟ್ರಾರ್‌ನ ಕಂಪ್ಯೂಟರ್ ಕೇಳುವ ಪ್ರಶ್ನೆ ಒಂದೇ: ಈ ಹೆಸರು ಖಾಲಿ ಇದೆಯೇ? ಇದ್ದರೆ ವರ್ಷದ ಶುಲ್ಕ ಕಟ್ಟಿದವರಿಗೆ ಸಿಗುತ್ತದೆ. ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ, ಮೊದಲು ಬಂದವರಿಗೆ ಮೊದಲು. ಹೆಸರು ಯಾಕೆ ಬೇಕು, ಅದರಿಂದ ಯಾರಿಗೆ ತೊಂದರೆ ಎಂದು ಆ ಯಂತ್ರ ಕೇಳುವುದಿಲ್ಲ.

ಟ್ರೇಡ್‌ಮಾರ್ಕ್‌ನ ಸಂಗತಿ ಬೇರೆ. ನಮ್ಮ ದೇಶದಲ್ಲಿ ಇದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯ್ದೆ ಇದೆ. ಅದು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಸರಕು ಮತ್ತು ಸೇವೆಗಳನ್ನು ಒಟ್ಟು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಒಂದೇ ಹೆಸರು ಒಬ್ಬರಿಗೆ ಸೋಪಿನ ವರ್ಗದಲ್ಲಿ, ಇನ್ನೊಬ್ಬರಿಗೆ ಬೀಗದ ವರ್ಗದಲ್ಲಿ ಇರಬಹುದು. ಒಂದು ದೇಶದಲ್ಲಿ ಒಬ್ಬರಿಗೂ ಇನ್ನೊಂದು ದೇಶದಲ್ಲಿ ಮತ್ತೊಬ್ಬರಿಗೂ ಸೇರಿರಬಹುದು. ಒಮ್ಮೆ ನೋಂದಾಯಿಸಿದರೆ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸುತ್ತಾ ಹೋಗಬಹುದು.

ವ್ಯತ್ಯಾಸ ಇಲ್ಲೇ ಇದೆ. ಒಂದೇ ಹೆಸರಿನ ಹೋಟೆಲು ಮಂಗಳೂರಿನಲ್ಲೂ ಇರಬಹುದು, ಬಳ್ಳಾರಿಯಲ್ಲೂ ಇರಬಹುದು, ಇಬ್ಬರಿಗೂ ಜಗಳವಿಲ್ಲ. ಆದರೆ ಆ ಹೆಸರಿನ ಡಾಟ್ ಕಾಮ್ ಇಡೀ ಜಗತ್ತಿಗೆ ಒಂದೇ. ಟ್ರೇಡ್‌ಮಾರ್ಕ್‌ಗೆ ದೇಶದ ಗಡಿ ಇದೆ, ಡೊಮೇನ್ ಹೆಸರಿಗೆ ಇಲ್ಲ. ಅನೇಕರು ಹಂಚಿಕೊಳ್ಳಬಹುದಾದ ಹೆಸರು ಇಂಟರ್ನೆಟ್‌ಗೆ ಬಂದ ಕೂಡಲೇ ಒಬ್ಬರ ಪಾಲಾಗುತ್ತದೆ.

ಹೆಸರು ಹಿಡಿದು ಕೂತವರು

1990ರ ದಶಕದಲ್ಲಿ ಇಂಟರ್ನೆಟ್ ಹೊಸದು. ದೊಡ್ಡ ಕಂಪನಿಗಳೇ ಇನ್ನೂ ಎಚ್ಚೆತ್ತಿರಲಿಲ್ಲ. ಕೆಲವರು ಆ ಕಂಪನಿಗಳ ಹೆಸರನ್ನು ತಾವೇ ಮೊದಲು ನೋಂದಾಯಿಸಿ, ಕಂಪನಿಯವರು ಬಂದಾಗ ಸಾವಿರಾರು ಡಾಲರ್ ಕೇಳತೊಡಗಿದರು. ಸಿನಿಮಾ ಕ್ಯಾಮೆರಾಗಳಿಗೆ ಹೆಸರಾದ ಅಮೆರಿಕದ ಪ್ಯಾನಾವಿಷನ್ ಕಂಪನಿಗೆ ಹೀಗೇ ಆಯಿತು. ಪ್ಯಾನಾವಿಷನ್ ಡಾಟ್ ಕಾಮ್ ಹಿಡಿದುಕೊಂಡಿದ್ದವನು ಅದರಲ್ಲಿ ಇಲಿನಾಯ್ ರಾಜ್ಯದ ಪಾನಾ ಎಂಬ ಊರಿನ ಫೋಟೋಗಳನ್ನು ಹಾಕಿದ್ದ. ಬಿಟ್ಟುಕೊಡಲು 13,000 ಡಾಲರ್ ಕೇಳಿದ. 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಹೀಗೆ ಹೆಸರು ಹಿಡಿದು ಕೂರುವುದಕ್ಕೆ ಸೈಬರ್ ಸ್ಕ್ವಾಟಿಂಗ್ ಎನ್ನುತ್ತಾರೆ. ಖಾಲಿ ಸೈಟಿನಲ್ಲಿ ಗುಡಿಸಲು ಹಾಕಿ, ಮಾಲೀಕ ಬಂದಾಗ ಬಿಡಲು ದುಡ್ಡು ಕೇಳಿದ ಹಾಗೆ.

ಭಾರತದಲ್ಲಿ ಈ ಬಗೆಯ ಮೊದಲ ದೊಡ್ಡ ಪ್ರಕರಣ 1999ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ನಡೆಯಿತು. ಯಾಹೂ ಡಾಟ್ ಕಾಮ್ ಕಂಪನಿ, ಯಾಹೂಇಂಡಿಯಾ ಡಾಟ್ ಕಾಮ್ ಎಂಬ ಹೆಸರಿನವರ ಮೇಲೆ ದಾವೆ ಹೂಡಿತು. ಯಾಹೂ ಎಂಬುದು ನಿಘಂಟಿನಲ್ಲಿರುವ ಪದ, ಭಾರತದಲ್ಲಿ ಅದರ ನೋಂದಣಿಯೂ ಇಲ್ಲ ಎಂದು ಎದುರಾಳಿಗಳು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ, ತಡೆಯಾಜ್ಞೆ ಕೊಟ್ಟಿತು.

ಬೆಂಗಳೂರಿನಿಂದ ಸುಪ್ರೀಂ ಕೋರ್ಟಿಗೆ

ನಾವೆಲ್ಲ ತಿಳಿಯಲೇಬೇಕಾದ ಪ್ರಕರಣ ನಮ್ಮ ರಾಜ್ಯದಲ್ಲೇ ಶುರುವಾದದ್ದು. ಸತ್ಯಂ ಇನ್ಫೋವೇ ಎಂಬ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನು ಸೇರಿಸಿ 'ಸಿಫಿ' ಎಂಬ ಹೊಸ ಪದ ಕಟ್ಟಿತು. ಇಂಗ್ಲಿಷಿನಲ್ಲಿ ಎಸ್, ಐ, ಎಫ್, ವೈ ಎಂಬ ನಾಲ್ಕು ಅಕ್ಷರ. 1999ರಲ್ಲಿ ಸಿಫಿನೆಟ್ ಡಾಟ್ ಕಾಮ್, ಸಿಫಿಮಾಲ್ ಡಾಟ್ ಕಾಮ್ ಮುಂತಾದ ಡೊಮೇನ್ ಹೆಸರುಗಳನ್ನು ನೋಂದಾಯಿಸಿತು. ಅದೇ ವರ್ಷ ಅಮೆರಿಕದ ನಾಸ್ಡಾಕ್ ಷೇರು ಮಾರುಕಟ್ಟೆಗೆ ಹೋಗಿ, ಅಲ್ಲಿ ಪಟ್ಟಿಯಾದ ಭಾರತದ ಮೊದಲ ಇಂಟರ್ನೆಟ್ ಕಂಪನಿ ಎನಿಸಿತು.

2001ರಲ್ಲಿ ಇನ್ನೊಂದು ಸಂಸ್ಥೆ ಸಿಫಿನೆಟ್ ಡಾಟ್ ನೆಟ್ ಎಂಬ ಹೆಸರು ಪಡೆಯಿತು, ಮುಂದೆ ಡಾಟ್ ಕಾಮ್ ಕೂಡ. ಇವರ ಸಿಫಿಯಲ್ಲಿ ಎಫ್ ಅಕ್ಷರ ಎರಡು ಸಲ ಬರುತ್ತದೆ. ವ್ಯತ್ಯಾಸ ಅಷ್ಟೇ. ರಿಜಿಸ್ಟ್ರಾರ್‌ನ ಯಂತ್ರಕ್ಕೆ ಒಂದು ಎಫ್ ಹೆಚ್ಚಾದರೆ ಅದು ಬೇರೆಯೇ ಹೆಸರು. ಹಾಗಾಗಿ ಕೊಟ್ಟುಬಿಟ್ಟಿತು.

ಸತ್ಯಂ ಇನ್ಫೋವೇ ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಎದುರಾಳಿಗಳು ಹೈಕೋರ್ಟಿಗೆ ಮೇಲ್ಮನವಿ ಹಾಕಿದರು. ಇಬ್ಬರ ವ್ಯಾಪಾರ ಬೇರೆ ಬೇರೆ, ಗ್ರಾಹಕರಿಗೆ ಗೊಂದಲವಾಗುವುದಿಲ್ಲ, ತಡೆಯಾಜ್ಞೆಯಿಂದ ಈ ಸಂಸ್ಥೆಗೇ ಹೆಚ್ಚು ಕಷ್ಟ ಎಂದು ಕರ್ನಾಟಕ ಹೈಕೋರ್ಟ್ ಮೇಲ್ಮನವಿಯನ್ನು ಒಪ್ಪಿತು. ಕೊನೆಗೆ ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. 2004ರ ಮೇ 6ರಂದು ನ್ಯಾಯಮೂರ್ತಿ ರೂಮಾ ಪಾಲ್ ಮತ್ತು ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿ ಅವರ ಪೀಠ ಹೈಕೋರ್ಟ್ ಆದೇಶವನ್ನು ಬದಿಗಿಟ್ಟು ಸತ್ಯಂ ಇನ್ಫೋವೇ ಪರವಾಗಿ ತೀರ್ಪು ನೀಡಿತು.

ಈ ಪ್ರಕರಣದಲ್ಲಿ ನನ್ನ ಗಮನ ಸೆಳೆದದ್ದು ಎದುರಾಳಿಗಳ ಒಂದು ಉತ್ತರ. ಈ ಹೆಸರು ಎಲ್ಲಿಂದ ಬಂತು ಎಂದು ಕೇಳಿದಾಗ ಅವರು, ನಮ್ಮ ಸಂಸ್ಥೆಯ ಐವರು ಪ್ರವರ್ತಕರ ಹೆಸರುಗಳ ಮೊದಲ ಅಕ್ಷರ ಸೇರಿಸಿ ಮಾಡಿದ್ದು ಎಂದರು. ನೆಟ್‌ವರ್ಕ್ ಮಾರ್ಕೆಟಿಂಗ್ ಮಾಡುವುದರಿಂದ ಕೊನೆಗೆ 'ನೆಟ್' ಸೇರಿಸಿದೆವು ಎಂದರು. ಆ ಐದೂ ನಮ್ಮ ಕಾಲೇಜಿನ ಹಾಜರಿ ಪುಸ್ತಕದಲ್ಲಿ ದಿನಾ ಕೇಳುವಂಥ ಹೆಸರುಗಳೇ. ನಮ್ಮ ಕಡೆ ಅಣ್ಣತಮ್ಮಂದಿರ ಹೆಸರಿನ ಮೊದಲ ಅಕ್ಷರ ಸೇರಿಸಿ ಅಂಗಡಿಗೆ ಹೆಸರಿಡುವುದು ಹೊಸದೇನಲ್ಲ. ಕೇಳುವುದಕ್ಕೆ ಸರಿಯಾದ ಉತ್ತರವೇ. ಆದರೂ ಸುಪ್ರೀಂ ಕೋರ್ಟ್ ಅದನ್ನು ನಂಬಲಿಲ್ಲ. ಇಂಟರ್ನೆಟ್ ಸೇವೆಯಲ್ಲಿ ಸಿಫಿ ಗಳಿಸಿದ್ದ ಹೆಸರಿನ ಲಾಭ ಪಡೆಯುವುದೇ ಇವರ ಉದ್ದೇಶ ಎಂಬ ಅಭಿಪ್ರಾಯಕ್ಕೆ ಬಂತು. ಎರಡು ಹೆಸರೂ ನೋಡಲು ಒಂದೇ ಥರ, ಕೇಳಲೂ ಒಂದೇ ಥರ, 'ನೆಟ್' ಸೇರಿಸಿದ ಮಾತ್ರಕ್ಕೆ ಹೋಲಿಕೆ ಹೋಗುವುದಿಲ್ಲ ಎಂದಿತು. ಈ ಸಂಸ್ಥೆ ಬೇಕಿದ್ದರೆ ಹೆಸರು ಬದಲಾಯಿಸಿ, ಸದಸ್ಯರಿಗೆ ತಿಳಿಸಿ, ವ್ಯಾಪಾರ ಮುಂದುವರಿಸಬಹುದು ಎಂದೂ ಹೇಳಿತು.

ತೀರ್ಪಿನ ಮುಖ್ಯ ಅಂಶ ಇದು: ಡೊಮೇನ್ ಹೆಸರು ಬರೀ ವಿಳಾಸವಲ್ಲ, ಅದಕ್ಕೆ ಟ್ರೇಡ್‌ಮಾರ್ಕ್‌ನ ಗುಣಗಳೆಲ್ಲ ಇರಬಹುದು. ಭಾರತದಲ್ಲಿ ಡೊಮೇನ್ ವ್ಯಾಜ್ಯಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ 'ಪಾಸಿಂಗ್ ಆಫ್' ನಿಯಮದ ಅಡಿಯಲ್ಲಿ ಅದಕ್ಕೆ ರಕ್ಷಣೆ ಇದೆ. ಪಾಸಿಂಗ್ ಆಫ್ ಎಂದರೆ ನಮ್ಮ ಸರಕನ್ನೋ ಸೇವೆಯನ್ನೋ ಇನ್ನೊಬ್ಬರದೆಂದು ಜನ ನಂಬುವ ಹಾಗೆ ಸಾಗಹಾಕುವುದು. ಅದನ್ನು ಸಾಬೀತು ಮಾಡಲು ಮೂರು ಸಂಗತಿ ಬೇಕು: ಹೆಸರಿಗೆ ಮಾರುಕಟ್ಟೆಯಲ್ಲಿ ಗುಡ್‌ವಿಲ್ ಇದೆ, ಎದುರಾಳಿ ಜನರನ್ನು ತಪ್ಪು ದಾರಿಗೆ ಎಳೆಯುವಂತೆ ನಡೆದುಕೊಂಡಿದ್ದಾನೆ, ಅದರಿಂದ ನಷ್ಟವಾಗಿದೆ ಅಥವಾ ಆಗಬಹುದು.

ಕೋರ್ಟಿಗೆ ಹೋಗದೆ ತೀರ್ಮಾನ: ಮೂರು ಪ್ರಶ್ನೆ

ಎಲ್ಲರೂ ಸುಪ್ರೀಂ ಕೋರ್ಟ್‌ವರೆಗೆ ಹೋಗಲಾಗುವುದಿಲ್ಲ. ಹೆಸರು ಹಿಡಿದವನು ಬ್ರೆಜಿಲ್‌ನಲ್ಲಿ, ಕಂಪನಿ ಬೆಂಗಳೂರಿನಲ್ಲಿ, ರಿಜಿಸ್ಟ್ರಾರ್ ಅಮೆರಿಕದಲ್ಲಿ ಇದ್ದರೆ ಯಾವ ದೇಶದ ಕೋರ್ಟಿಗೆ ಹೋಗುವುದು? ಈ ತೊಡಕಿಗೆ ಉತ್ತರವಾಗಿ, ಜಗತ್ತಿನ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ 1999ರಲ್ಲಿ ಒಂದು ಏಕರೂಪದ ನೀತಿ ತಂದಿತು. ಅದನ್ನು ಯುಡಿಆರ್‌ಪಿ ಎನ್ನುತ್ತಾರೆ. ಡಾಟ್ ಕಾಮ್ ಹೆಸರು ಪಡೆಯುವಾಗ ನಾವು ಒಪ್ಪಿಗೆಯ ಗುಂಡಿ ಒತ್ತುತ್ತೇವಲ್ಲ, ಆ ಒಪ್ಪಂದದಲ್ಲೇ ಈ ನೀತಿಗೂ ಒಪ್ಪಿಗೆ ಸೇರಿರುತ್ತದೆ. ಒಪ್ಪಂದದ ಬಲದಿಂದಲೇ ಇದು ನಡೆಯುತ್ತದೆ ಎಂಬುದನ್ನು ನಾವು ವಾಣಿಜ್ಯದವರು ಗಮನಿಸಬೇಕು.

ದೂರು ಕೊಟ್ಟವರು ಮೂರು ಸಂಗತಿಗಳನ್ನು ಸಾಬೀತು ಮಾಡಬೇಕು. ಒಂದಲ್ಲ, ಎರಡಲ್ಲ, ಮೂರೂ.

1. ಡೊಮೇನ್ ಹೆಸರು ನನ್ನ ಟ್ರೇಡ್‌ಮಾರ್ಕ್‌ಗೆ ಅದೇ ಆಗಿದೆ, ಅಥವಾ ಗೊಂದಲವಾಗುವಷ್ಟು ಹೋಲುತ್ತದೆ.
2. ಹೆಸರು ಹಿಡಿದವರಿಗೆ ಅದರ ಮೇಲೆ ಹಕ್ಕಾಗಲೀ ನ್ಯಾಯವಾದ ಹಿತಾಸಕ್ತಿಯಾಗಲೀ ಇಲ್ಲ.
3. ಅದನ್ನು ದುರುದ್ದೇಶದಿಂದ ನೋಂದಾಯಿಸಿದ್ದಾರೆ ಮತ್ತು ದುರುದ್ದೇಶದಿಂದ ಬಳಸುತ್ತಿದ್ದಾರೆ.

ದೂರನ್ನು ಐಕಾನ್ ಒಪ್ಪಿದ ಸಂಸ್ಥೆಗಳಿಗೆ ಕೊಡಬೇಕು. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಜಿನೀವಾದಲ್ಲಿರುವ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ. ಅಲ್ಲಿ ಒಬ್ಬ ತೀರ್ಪುಗಾರರಿದ್ದು 5 ಹೆಸರುಗಳವರೆಗಿನ ದೂರಾದರೆ ಶುಲ್ಕ 1,500 ಡಾಲರ್. ಎದುರಾಳಿಗೆ ಉತ್ತರಿಸಲು 20 ದಿನ ಸಮಯ. ಸಾಮಾನ್ಯವಾಗಿ ಯಾರೂ ಎದುರು ಹೋಗಿ ನಿಲ್ಲಬೇಕಿಲ್ಲ, ಎಲ್ಲ ಕಾಗದಪತ್ರಗಳ ಮೇಲೆ ನಡೆಯುತ್ತದೆ. ಗೆದ್ದರೆ ಹೆಸರು ದೂರುದಾರರಿಗೆ ವರ್ಗವಾಗುತ್ತದೆ ಅಥವಾ ರದ್ದಾಗುತ್ತದೆ. ಪರಿಹಾರದ ಹಣ ಸಿಗುವುದಿಲ್ಲ. ಸೋತವರು 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದರೆ ಆದೇಶ ಅಲ್ಲೇ ನಿಲ್ಲುತ್ತದೆ.

ಈ ನೀತಿಯಲ್ಲಿ ತೀರ್ಮಾನವಾದ ಮೊದಲ ಪ್ರಕರಣ ಕುಸ್ತಿ ನೋಡುವವರಿಗೆಲ್ಲ ಗೊತ್ತಿರುವ ಕಂಪನಿಯದು. ಆಗ ಅದರ ಹೆಸರು ವರ್ಲ್ಡ್ ರೆಸ್ಲಿಂಗ್ ಫೆಡರೇಷನ್. ಕ್ಯಾಲಿಫೋರ್ನಿಯಾದ ಒಬ್ಬ ವ್ಯಕ್ತಿ 1999ರ ಅಕ್ಟೋಬರ್‌ನಲ್ಲಿ ಆ ಪೂರ್ತಿ ಹೆಸರಿನ ಡಾಟ್ ಕಾಮ್ ಪಡೆದು, ಮೂರೇ ದಿನದಲ್ಲಿ ಅದನ್ನು 1,000 ಡಾಲರ್‌ಗೆ ಮಾರುತ್ತೇನೆ ಎಂದು ಕಂಪನಿಗೆ ತಿಳಿಸಿದ. ಅದರಲ್ಲಿ ಯಾವ ವೆಬ್‌ಸೈಟನ್ನೂ ಮಾಡಿರಲಿಲ್ಲ. ವೆಬ್‌ಸೈಟೇ ಇಲ್ಲದಿದ್ದರೆ 'ಬಳಸಿದ' ಎನ್ನುವುದು ಹೇಗೆ? ತೀರ್ಪುಗಾರರು, ಹೆಸರಿನ ಒಡೆಯರಿಗೇ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರಲು ಹೋದದ್ದೇ ದುರುದ್ದೇಶದ ಬಳಕೆ ಎಂದು ಹೇಳಿ, 2000ದ ಜನವರಿಯಲ್ಲಿ ಹೆಸರನ್ನು ಕಂಪನಿಗೆ ಕೊಡಿಸಿದರು.

ನಮ್ಮ ಡಾಟ್ ಇನ್ ಹೆಸರುಗಳಿಗೆ

ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ, ಅಂದರೆ ಭಾರತದ ರಾಷ್ಟ್ರೀಯ ಇಂಟರ್ನೆಟ್ ಎಕ್ಸ್‌ಚೇಂಜ್. 2005ರಲ್ಲಿ ಡಾಟ್ ಇನ್ ಎಲ್ಲರಿಗೂ ತೆರೆದಾಗ ಇದರ ವ್ಯಾಜ್ಯಗಳಿಗೂ ಒಂದು ನೀತಿ ಬಂತು. ಅದರ ಹೆಸರು ಐಎನ್‌ಡಿಆರ್‌ಪಿ. ಇಲ್ಲಿ ನಿಕ್ಸಿ ನೇಮಿಸಿದ ಮಧ್ಯಸ್ಥಗಾರರು 1996ರ ಮಧ್ಯಸ್ಥಿಕೆ ಕಾಯ್ದೆಯ ಪ್ರಕಾರ ತೀರ್ಮಾನ ಕೊಡುತ್ತಾರೆ.

ಪ್ರಶ್ನೆಗಳು ಇಲ್ಲೂ ಮೂರೇ. ಆದರೆ ಮೂರನೆಯದರಲ್ಲಿ ಒಂದು ಪದದ ವ್ಯತ್ಯಾಸ ಇದೆ. ಡಾಟ್ ಕಾಮ್ ನೀತಿಯಲ್ಲಿ ದುರುದ್ದೇಶದಿಂದ ನೋಂದಾಯಿಸಿರಬೇಕು 'ಮತ್ತು' ಬಳಸುತ್ತಿರಬೇಕು. ಡಾಟ್ ಇನ್ ನೀತಿಯಲ್ಲಿ ದುರುದ್ದೇಶದಿಂದ ನೋಂದಾಯಿಸಿರಬೇಕು 'ಅಥವಾ' ಬಳಸುತ್ತಿರಬೇಕು. 'ಮತ್ತು', 'ಅಥವಾ' ಎಂಬ ಚಿಕ್ಕ ಪದಗಳು ಕಾನೂನಿನಲ್ಲಿ ಎಷ್ಟು ದೊಡ್ಡವು ನೋಡಿ. ಒಳ್ಳೆಯ ಮನಸ್ಸಿನಿಂದ ಪಡೆದ ಡಾಟ್ ಇನ್ ಹೆಸರನ್ನು ಆಮೇಲೆ ಕೆಟ್ಟ ಕೆಲಸಕ್ಕೆ ಬಳಸಿದರೂ ಅದು ಕೈತಪ್ಪಬಹುದು.

ಸ್ವಂತ ಹೆಸರಾದರೆ?

ಇಲ್ಲಿ ನಿಜವಾದ ಕಷ್ಟದ ಪ್ರಶ್ನೆ ಬರುತ್ತದೆ. ಅದು ನನ್ನದೇ ಹೆಸರು, ನನ್ನ ತಂದೆಯ ಹೆಸರು ಆಗಿದ್ದು, ಒಂದು ದೊಡ್ಡ ಕಂಪನಿಯ ಹೆಸರನ್ನೂ ಹೋಲಿದರೆ?

ಉಜಿ ನಿಸಾನ್ ಎಂಬವರು ಜೆರುಸಲೇಮ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ನಿಸಾನ್ ಅವರ ಮನೆತನದ ಹೆಸರು. 1980ರಿಂದಲೇ ವ್ಯಾಪಾರಕ್ಕೆ ಆ ಹೆಸರು ಬಳಸುತ್ತಿದ್ದರು. ಉತ್ತರ ಕೆರೊಲಿನಾದಲ್ಲಿ ನಿಸಾನ್ ಕಂಪ್ಯೂಟರ್ ಎಂಬ ವ್ಯಾಪಾರ ನಡೆಸುತ್ತಾ 1994ರಲ್ಲಿ ನಿಸಾನ್ ಡಾಟ್ ಕಾಮ್ ಪಡೆದರು. 1999ರ ಡಿಸೆಂಬರ್‌ನಲ್ಲಿ ಜಪಾನಿನ ನಿಸಾನ್ ಕಾರು ಕಂಪನಿ ಅವರ ಮೇಲೆ 1 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹಾಕಿತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಕೊನೆಗೆ ಹೆಸರು ಅವರ ಬಳಿಯೇ ಉಳಿಯಿತು. ಆದರೆ ಆ ವೆಬ್‌ಸೈಟಿನಲ್ಲಿ ಕಾರುಗಳ ಜಾಹೀರಾತು ಹಾಕಿದ್ದನ್ನು ಮಾತ್ರ ಕೋರ್ಟ್ ಒಪ್ಪಲಿಲ್ಲ. ಅಂದರೆ, ಹೆಸರು ನಿನ್ನದು, ಇಟ್ಟುಕೋ. ಆದರೆ ಕಾರಿನ ಗಿರಾಕಿ ದಾರಿ ತಪ್ಪಿ ನಿನ್ನ ಬಾಗಿಲಿಗೆ ಬಂದಾಗ ಅದರಿಂದ ದುಡ್ಡು ಮಾಡಿಕೊಳ್ಳಬೇಡ ಎಂದಂತಾಯಿತು. ಉಜಿ ನಿಸಾನ್ ಗೆದ್ದರೂ ಕೋರ್ಟಿನ ಖರ್ಚಿನಲ್ಲಿ ಬಹಳ ಕಳೆದುಕೊಂಡರು. 2020ರಲ್ಲಿ ತೀರಿಕೊಂಡರು.

ಇನ್ನೊಂದು ಪ್ರಕರಣದ ಹುಡುಗ ನನ್ನ ವಯಸ್ಸಿನವನೇ, 17 ವರ್ಷ. ಕೆನಡಾದ ಮೈಕ್ ರೋ ಶಾಲೆಯಲ್ಲಿ ಓದುತ್ತಾ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಕೆಲಸ ಶುರು ಮಾಡಿದ. ತನ್ನ ಹೆಸರಿನ ಮುಂದೆ 'ಸಾಫ್ಟ್' ಎಂದು ಸೇರಿಸಿ 2003ರಲ್ಲಿ ಮೈಕ್‌ರೋಸಾಫ್ಟ್ ಡಾಟ್ ಕಾಮ್ ಪಡೆದ. ಗಟ್ಟಿಯಾಗಿ ಓದಿ ನೋಡಿ, ಯಾವ ಕಂಪನಿಯ ಹೆಸರು ಕೇಳಿಸುತ್ತದೆ! ಮೈಕ್ರೋಸಾಫ್ಟ್ ವಕೀಲರು ಹೆಸರು ಬಿಡಲು 10 ಡಾಲರ್ ಕೊಡುತ್ತೇವೆ ಎಂದರು. ಅವನು 10,000 ಡಾಲರ್ ಕೇಳಿದ. ಆ ಉತ್ತರವನ್ನೇ ವಕೀಲರು ಅವನ ದುರುದ್ದೇಶಕ್ಕೆ ಸಾಕ್ಷಿ ಎಂದು ಹಿಡಿದರು. ಸುದ್ದಿ ಹರಡಿ ಜನ ಹುಡುಗನ ಪರ ನಿಂತರು. 2004ರ ಜನವರಿಯಲ್ಲಿ ರಾಜಿಯಾಯಿತು. ಅವನು ಹೆಸರು ಬಿಟ್ಟುಕೊಟ್ಟ, ಕಂಪನಿ ಅವನ ಖರ್ಚು ಕೊಟ್ಟು, ತರಬೇತಿಯ ಅವಕಾಶ ಮತ್ತು ಒಂದು ಎಕ್ಸ್‌ಬಾಕ್ಸ್ ಕೊಟ್ಟಿತು. ಇವನ ಹೆಸರು ನಿಜ. ಆದರೆ 'ಸಾಫ್ಟ್' ಸೇರಿಸಿದ್ದು ಯಾಕೆ ಎಂಬ ಪ್ರಶ್ನೆಗೆ ಸುಲಭದ ಉತ್ತರ ಇರಲಿಲ್ಲ.

ನಮ್ಮ ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಸೆಕ್ಷನ್ ಕೂಡ ಒಬ್ಬ ವ್ಯಕ್ತಿ ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವುದನ್ನು ತಡೆಯುವುದಿಲ್ಲ. ಆ 'ಪ್ರಾಮಾಣಿಕವಾಗಿ' ಎಂಬ ಪದದಲ್ಲೇ ಎಲ್ಲ ಇದೆ.

ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ 'ನಿಯತ್' ಎಂದರೆ ಮನಸ್ಸಿನೊಳಗಿನ ಉದ್ದೇಶ. ಅದೇ ಪದ ಕನ್ನಡಕ್ಕೆ ಬಂದು 'ನಿಯತ್ತು' ಆಗಿದೆ, ಅರ್ಥ ಮಾತ್ರ ಪ್ರಾಮಾಣಿಕತೆ ಎಂದಾಗಿದೆ. 'ನಿಯತ್ತಿನ ಮನುಷ್ಯ' ಎಂದರೆ ಕನ್ನಡದವರಿಗೆ ಒಳ್ಳೆಯ ಮನುಷ್ಯ. ಡೊಮೇನ್ ವ್ಯಾಜ್ಯಗಳನ್ನು ಓದುವಾಗ ನನಗೆ ಎರಡೂ ಅರ್ಥ ಬೇಕಾದವು. ಯಂತ್ರ ಕೇಳುವುದು ಹೆಸರು ಖಾಲಿ ಇದೆಯೇ ಎಂದು. ಕಾನೂನು ಕೇಳುವುದು ಈ ಹೆಸರು ಆರಿಸಿದಾಗ ನಿನ್ನ ನಿಯತ್ ಏನಿತ್ತು ಎಂದು. ಮನಸ್ಸಿನೊಳಗೆ ಇಣುಕಿ ನೋಡಲು ಯಾವ ನ್ಯಾಯಾಧೀಶರಿಗೂ ಆಗುವುದಿಲ್ಲ. ಅದಕ್ಕೇ ಅವರು ಹೊರಗಿನ ನಡತೆ ನೋಡುತ್ತಾರೆ: ಮಾರಲು ಹೋದೆಯಾ? ಆ ಕಂಪನಿಯ ಗಿರಾಕಿಗಳನ್ನು ಸೆಳೆದೆಯಾ? ಆ ಹೆಸರು ನಿನಗೆ ಮೊದಲೇ ಗೊತ್ತಿತ್ತಾ?

ನಮ್ಮ ಅಂಗಡಿಗಳ ಮಾತು

ಇದೆಲ್ಲ ದೊಡ್ಡ ಕಂಪನಿಗಳ ಜಗಳ, ನಮಗೇಕೆ ಎನ್ನಬಹುದು. ನಮ್ಮ ಮನೆಯ ಉದಾಹರಣೆ ಕೊಡುತ್ತೇನೆ. ನಮ್ಮದು ಗಾದಿ ಅಂಗಡಿ. ದಾದಾ ಹತ್ತಿ ಬಡಿದು ಗಾದಿ, ದಿಂಬು ಹೊಲಿದು ಶುರು ಮಾಡಿದ್ದು. ಈಗ ಅಬ್ಬಾ ನಡೆಸುತ್ತಾರೆ. ಬೋರ್ಡಿನ ಮೇಲೆ ಇರುವುದು ದಾದಾ ಅವರ ಹೆಸರೇ. ಮದುವೆಗೆ ಗಾದಿ ಮಾಡಿಸಲು ಹಳ್ಳಿಗಳಿಂದ ಬರುವವರು ಆ ಹೆಸರು ಕೇಳಿಕೊಂಡೇ ಬರುತ್ತಾರೆ. ಆಪಾ ಈಗ ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾಳೆ, ಒಂದು ವೆಬ್‌ಸೈಟ್ ಮಾಡಿಸಬೇಕು ಎನ್ನುತ್ತಾಳೆ. ಹಾಗಿರುವಾಗ ದಾದಾ ಹೆಸರಿನ ಡೊಮೇನನ್ನು ಬೇರೆ ಗಾದಿ ವ್ಯಾಪಾರಿ ಪಡೆದುಕೊಂಡರೆ? ನಮ್ಮ ಹೆಸರು ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಗಿಲ್ಲ. ನಮಗೆ ಹಕ್ಕೇ ಇಲ್ಲವೇ?

ಇದೆ. ಲೆಕ್ಕಶಾಸ್ತ್ರದಲ್ಲಿ ನಾವು ಸರಾಸರಿ ಲಾಭವನ್ನು ಇಷ್ಟು ವರ್ಷ ಎಂದು ಗುಣಿಸಿ ಗುಡ್‌ವಿಲ್ ಲೆಕ್ಕ ಹಾಕುತ್ತೇವಲ್ಲ, ಕಣ್ಣಿಗೆ ಕಾಣದ ಆ ಆಸ್ತಿಯನ್ನೇ ಪಾಸಿಂಗ್ ಆಫ್ ನಿಯಮ ಕಾಪಾಡುವುದು. ನೋಂದಣಿ ಇಲ್ಲದ ಹೆಸರಿಗೂ ಈ ರಕ್ಷಣೆ ಇದೆ ಎಂದು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆದರೆ ಸಾಬೀತು ಮಾಡುವ ಹೊರೆ ನಮ್ಮ ಮೇಲೆ. ಹಳೆಯ ಬಿಲ್ ಪುಸ್ತಕ, ಬೋರ್ಡಿನ ಹಳೆಯ ಫೋಟೋ, ಪುರಸಭೆಯ ಲೈಸೆನ್ಸ್, ಪತ್ರಿಕೆಯ ಜಾಹೀರಾತು, ಇವೇ ಸಾಕ್ಷಿ. ಎದುರಿನವನ ನಿಯತ್ ಕೆಟ್ಟದ್ದು ಎಂದು ಹೇಳಿದರೆ ಸಾಲದು, ನಮ್ಮ ಹೆಸರಿನ ವಯಸ್ಸು ಎಷ್ಟು ಎಂಬುದಕ್ಕೆ ಕಾಗದ ಬೇಕು. ಇದನ್ನು ಓದಿದ ಮೇಲೆ ನಾನು ಅಟ್ಟದ ಮೇಲಿದ್ದ ಬಿಲ್ ಪುಸ್ತಕಗಳನ್ನು ಇಳಿಸಿ ವರ್ಷದ ಪ್ರಕಾರ ಜೋಡಿಸಿಟ್ಟೆ. ಗೆದ್ದಲು ಹಿಡಿದ ಎರಡು ಬಿಟ್ಟರೆ ಉಳಿದವು ಚೆನ್ನಾಗಿವೆ.

ಇನ್ನೊಂದು ತೊಡಕು ನಮ್ಮ ಹೆಸರುಗಳದು. ಉರ್ದುವಿನಲ್ಲಿ ಒಂದೇ ರೀತಿ ಬರೆಯುವ ಹೆಸರನ್ನು ಇಂಗ್ಲಿಷಿನಲ್ಲಿ ಬಗೆಬಗೆಯಾಗಿ ಬರೆಯುತ್ತೇವೆ. ಫಾರೂಕ್ ಎಂಬುದಕ್ಕೆ ಕೊನೆಯಲ್ಲಿ ಕೆಲವರು ಕ್ಯೂ, ಕೆಲವರು ಕೆ ಹಾಕುತ್ತಾರೆ. ನಡುವೆ ಒಬ್ಬರು ಯು, ಇನ್ನೊಬ್ಬರು ಎರಡು ಓ ಬರೆಯುತ್ತಾರೆ. ಯಂತ್ರದ ಲೆಕ್ಕದಲ್ಲಿ ಇವೆಲ್ಲ ಬೇರೆ ಬೇರೆ ಡೊಮೇನ್. ನ್ಯಾಯಾಲಯದ ಕಿವಿಗೆ ಎಲ್ಲ ಒಂದೇ. ಸಿಫಿ ಪ್ರಕರಣದಲ್ಲಿ ಕಂಡದ್ದೂ ಇದೇ. ಹಾಗಾಗಿ, ನಾನು ಬೇರೆ ಸ್ಪೆಲ್ಲಿಂಗ್ ಹಾಕಿದ್ದೇನೆ, ನನಗೇನೂ ಆಗದು ಎಂದು ಯಾರೂ ಧೈರ್ಯವಾಗಿ ಕೂರುವಂತಿಲ್ಲ. ಹಾಗೆಯೇ, ಇಬ್ಬರು ಫಾರೂಕ್‌ಗಳು ಪ್ರಾಮಾಣಿಕವಾಗಿ ತಮ್ಮ ತಮ್ಮ ವ್ಯಾಪಾರ ಮಾಡುತ್ತಿದ್ದರೆ ಹೆಸರು ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಒಬ್ಬರು ಕಳ್ಳರಾಗುವುದಿಲ್ಲ.

ಮನೆಯಲ್ಲಿ ಯಾರಾದರೂ ವ್ಯಾಪಾರಕ್ಕೆ ಹೆಸರು ಹುಡುಕುತ್ತಿದ್ದರೆ ಇಷ್ಟು ನೆನಪಿಡಿ.

1. ಡೊಮೇನ್ ಖಾಲಿ ಇದೆಯೇ ಎಂದು ನೋಡುವುದರ ಜೊತೆಗೆ ಟ್ರೇಡ್‌ಮಾರ್ಕ್ ಕಚೇರಿಯ ಆನ್‌ಲೈನ್ ದಾಖಲೆಯಲ್ಲೂ ಹುಡುಕಿ. ಸ್ಪೆಲ್ಲಿಂಗ್ ಮಾತ್ರವಲ್ಲ, ಹೆಸರಿನ ಉಚ್ಚಾರಣೆಯನ್ನೂ ಹೋಲಿಸಿ.
2. ಸಾಧ್ಯವಾದರೆ ಹೆಸರನ್ನು ನೋಂದಾಯಿಸಿ. ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿ ಆಗುವವರೆಗೆ ವೃತ್ತದೊಳಗಿನ ಆರ್ ಗುರುತು ಹಾಕುವಂತಿಲ್ಲ, ಅದು ಅಪರಾಧ. ಟಿಎಂ ಎಂದು ಹಾಕಬಹುದು.
3. ಡೊಮೇನನ್ನು ಅಂಗಡಿಯ ಮಾಲೀಕರ ಹೆಸರಿನಲ್ಲೇ ಪಡೆಯಿರಿ, ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿ ಬೇಡ. ನವೀಕರಣದ ದಿನಾಂಕ ಬರೆದಿಡಿ. ಡೊಮೇನ್ ಎಂಬುದು ಕ್ರಯಪತ್ರವಲ್ಲ, ಬಾಡಿಗೆ ಕರಾರು.
4. ನಾವು 18 ತುಂಬದವರು. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಕರಾರು ಮಾಡಲು ಅರ್ಹರಲ್ಲ. ಹಾಗಾಗಿ ಈ ಕೆಲಸವನ್ನು ಮನೆಯ ಹಿರಿಯರ ಹೆಸರಿನಲ್ಲಿ ಮಾಡಿಸಿ.
5. ಈ ಹೆಸರು ಯಾಕೆ ಆರಿಸಿದೆವು ಎಂಬುದನ್ನು ಅವತ್ತೇ ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿಡಿ. ವ್ಯಾಜ್ಯ ಶುರುವಾದ ಮೇಲೆ ಹೇಳುವ ಕಾರಣಕ್ಕಿಂತ ಮೊದಲೇ ಬರೆದಿಟ್ಟ ಕಾರಣಕ್ಕೆ ತೂಕ ಹೆಚ್ಚು.

ಯೋಚಿಸಿ, ಉತ್ತರಿಸಿ

ಕೆಳಗಿನವು ಕಾಲ್ಪನಿಕ ಸಂದರ್ಭಗಳು. ಪ್ರತಿಯೊಂದಕ್ಕೂ ಯುಡಿಆರ್‌ಪಿಯ ಮೂರು ಪ್ರಶ್ನೆಗಳನ್ನು ಹಾಕಿ ನೋಡಿ.

ಅ) ಒಬ್ಬ ವಿದ್ಯಾರ್ಥಿ ಪ್ರಸಿದ್ಧ ಬಿಸ್ಕತ್ತು ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿ ಡೊಮೇನ್ ಪಡೆದಿದ್ದಾನೆ. ವೆಬ್‌ಸೈಟ್ ಇಲ್ಲ. ಯಾರಿಗೂ ಮಾರಲು ಹೋಗಿಲ್ಲ. ದುರುದ್ದೇಶವನ್ನು ಸಾಬೀತು ಮಾಡುವುದು ಹೇಗೆ?

ಆ) ಒಬ್ಬ ಮಹಿಳೆ ತನ್ನ ಮಗಳ ಹೆಸರಿನಲ್ಲಿ ಹತ್ತು ವರ್ಷದಿಂದ ಉಪ್ಪಿನಕಾಯಿ ಮಾರುತ್ತಿದ್ದಾರೆ, ಡೊಮೇನ್ ಕೂಡ ಇದೆ. ಕಳೆದ ವರ್ಷ ಶುರುವಾದ ದೊಡ್ಡ ಕಂಪನಿಯೊಂದು ಅದೇ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಂಡು ಈಗ ಡೊಮೇನ್ ಬಿಟ್ಟುಕೊಡಿ ಎನ್ನುತ್ತಿದೆ. ಮೂರನೆಯ ಪ್ರಶ್ನೆಯಲ್ಲಿ ಕಂಪನಿ ಎಲ್ಲಿ ಎಡವುತ್ತದೆ?

ಇ) ಮೊದಲ ಸಂದರ್ಭದ ಹೆಸರು ಡಾಟ್ ಕಾಮ್ ಅಲ್ಲದೆ ಡಾಟ್ ಇನ್ ಆಗಿದ್ದರೆ ನಿಮ್ಮ ಉತ್ತರ ಬದಲಾಗುತ್ತದೆಯೇ? ಕಾರಣ ಕೊಡಿ.